ಎರಡೇ ಎರಡು ಹುಲಿಗಳಿಂದ ಸೋತ ಕಥೆ

2019ರ ಜುಲೈ 29ರಂದು ಕರ್ನಾಟಕ ಎರಡು ಹುಲಿಗಳ ಅಂತರದಿಂದ ಸೋತಿತು. ಗೆದ್ದದ್ದು ಮಧ್ಯಪ್ರದೇಶ. ಅಂತಿಮ ಸ್ಕೋರು 526–524. 2018ರ ಹುಲಿ ಗಣತಿಯ ಈ ಫಲಿತಾಂಶ ವಿಶ್ವ ಹುಲಿ ದಿನದಂದೇ ಬಂದದ್ದರಿಂದ ನೋವು ಇಮ್ಮಡಿಯಾಯಿತು. 2014ರ ಎಣಿಕೆಯಲ್ಲಿ 406 ಹುಲಿಗಳನ್ನು ತೋರಿಸಿ ದೇಶಕ್ಕೇ ಮೊದಲಿಗರಾಗಿ ಮೀಸೆ ತಿರುವಿದ್ದವರು ನಾವು. ನಾಲ್ಕು ವರ್ಷಗಳಲ್ಲಿ 118 ಹುಲಿಗಳು ಹೆಚ್ಚಾದರೂ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಸೋಲಿನ ಹೊಣೆ ಹೊತ್ತು ಯಾರೂ ರಾಜೀನಾಮೆ ಕೊಡಲಿಲ್ಲ. ಹುಲಿಗಳಂತೂ ಫಲಿತಾಂಶವನ್ನು ಕೇಳಲೂ ಬರಲಿಲ್ಲ.

ಎರಡೇ ಎರಡು! ಯೋಚಿಸಿದಷ್ಟೂ ಹೊಟ್ಟೆ ಉರಿಯುತ್ತದೆ. ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೈಗೂ ನಡುವೆ ಇರುವುದು ಮೋಯಾರ್ ಎಂಬ ಒಂದು ಹೊಳೆ. ಹುಲಿಗೆ ಈಜು ಚೆನ್ನಾಗಿಯೇ ಬರುತ್ತದೆ. ಆಚೆ ದಡದ ಎರಡು ಹುಲಿಗಳು, ಎಣಿಕೆಗೆಂದು ಕಾಡಿನಲ್ಲಿ ಕ್ಯಾಮೆರಾ ಕಟ್ಟಿದ್ದ ದಿನಗಳಲ್ಲಿ ಈಚೆಗೆ ಬಂದು ಒಂದು ಫೋಟೋ ತೆಗೆಸಿಕೊಂಡು ಹೋಗಿದ್ದರೆ ಪಂದ್ಯ ಸಮ ಆಗುತ್ತಿತ್ತು. ಮೂರು ಬಂದಿದ್ದರೆ ಕಿರೀಟ ನಮ್ಮದೇ. ಹುಲಿಗಳಿಗೆ ಹದಿನೈದು ವರ್ಷದ ವಾಸಸ್ಥಳ ದೃಢೀಕರಣ ಪತ್ರವನ್ನು ಯಾರೂ ಕೇಳುವುದಿಲ್ಲ. ಇಷ್ಟು ಸುಲಭದ ದಾರಿಯೊಂದು ನಮ್ಮ ರಾಜಕಾರಣಿಗಳಿಗೆ ಹೊಳೆಯಲಿಲ್ಲ. ಶಾಸಕರನ್ನು ಗಡಿ ದಾಟಿಸಿ ರೆಸಾರ್ಟಿನಲ್ಲಿ ಇಡುವುದರಲ್ಲಿ ದೇಶಕ್ಕೇ ಪಾಠ ಹೇಳಬಲ್ಲ ರಾಜ್ಯ ಹುಲಿಯ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾಗಿ ನಡೆದುಕೊಂಡದ್ದು ಆಶ್ಚರ್ಯ.

ಅದೇ ವರದಿಯಲ್ಲಿ, 526ರ ಪಕ್ಕದಲ್ಲಿ ಆವರಣದೊಳಗೆ ಇನ್ನೆರಡು ಅಂಕಿಗಳಿದ್ದವು: 441ರಿಂದ 611. ನಮ್ಮ 524ರ ಪಕ್ಕದಲ್ಲೂ ಇದ್ದವು: 475ರಿಂದ 573. ಅಂದರೆ ಎಣಿಸಿದವರೇ ಹೇಳಿದ್ದು ಏನೆಂದರೆ, ಮಧ್ಯಪ್ರದೇಶದ ಅಂಕಿ ಆಚೆ ಈಚೆ ಎಂಬತ್ತೈದು ಹುಲಿಗಳಷ್ಟು ಸರಿಯಬಹುದು, ಕರ್ನಾಟಕದ್ದು ನಲವತ್ತೊಂಬತ್ತು ಹುಲಿಗಳಷ್ಟು. ಯಾರು ಮುಂದೆ ಎಂದು ಆ ಅಂಕಿಗಳಿಂದ ಹೇಳಲು ಬರುವುದಿಲ್ಲ. ಆದರೆ ಆವರಣದೊಳಗಿನ ಅಂಕಿಗಳನ್ನು ಟಿವಿ ಪರದೆಯ ಕೆಳಗೆ ಓಡಿಸಿದರೆ ಯಾರು ನೋಡುತ್ತಾರೆ? ‘ಕರ್ನಾಟಕ, ಮಧ್ಯಪ್ರದೇಶಗಳ ಹುಲಿ ಸಂಖ್ಯೆಯ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ’ ಎಂಬ ಬ್ರೇಕಿಂಗ್ ನ್ಯೂಸ್ ಅನ್ನು ಭೂಮಿಯ ಮೇಲೆ ಇನ್ನೂ ಯಾರೂ ಕೊಟ್ಟಿಲ್ಲ. ಹೀಗಾಗಿ ಆವರಣವನ್ನು ಕತ್ತರಿಸಿ ಬಿಸಾಡಿ, ಮಧ್ಯದ ಅಂಕಿಯನ್ನು ಮಾತ್ರ ಉಳಿಸಿಕೊಂಡು, ಒಂದು ನಾಡು ಇಡೀ ವಾರ ಶೋಕ ಆಚರಿಸಿತು.

ಮುಂದಿನ ಸುತ್ತಿನಲ್ಲಿ ಇದಕ್ಕಿಂತ ದೊಡ್ಡ ಪವಾಡ ನಡೆಯಿತು. ಹುಲಿ ಯೋಜನೆಗೆ ಐವತ್ತು ತುಂಬಿದ ಸಂಭ್ರಮದಲ್ಲಿ, 2023ರ ಏಪ್ರಿಲ್ 9ರಂದು, ಮೈಸೂರಿನಲ್ಲಿ ದೇಶದ ಹುಲಿಗಳ ಸಂಖ್ಯೆ 3,167 ಎಂದು ಘೋಷಣೆಯಾಯಿತು. ಚಪ್ಪಾಳೆಯ ಸದ್ದು ಅಡಗುವ ಮೊದಲೇ, ಜುಲೈ 29ರಂದು, ಅದೇ ಎಣಿಕೆಯ ಅಂಕಿ 3,682 ಆಯಿತು. ನಡುವೆ ಕಳೆದದ್ದು 111 ದಿನ. ಹುಲಿಯ ಗರ್ಭಾವಧಿ ಸುಮಾರು ಮೂರೂವರೆ ತಿಂಗಳು. ಹೀಗಾಗಿ ಲೆಕ್ಕ ಬಲು ಸಲೀಸಾಗಿ ಕೂಡಿಬರುತ್ತದೆ. ಮೈಸೂರಿನ ಭಾಷಣದಿಂದ ಉತ್ತೇಜಿತವಾದ ಹುಲಿಗಳು ಅಂದು ರಾತ್ರಿಯೇ ರಾಷ್ಟ್ರಸೇವೆಗೆ ಇಳಿದು, ವಿಶ್ವ ಹುಲಿ ದಿನಕ್ಕೆ ಸರಿಯಾಗಿ 515 ಮರಿಗಳನ್ನು ಹಾಕಿದವು ಎಂದು ನಂಬುವುದಕ್ಕೆ ಒಂದೇ ಅಡ್ಡಿ: ಒಂದು ವರ್ಷ ತುಂಬದ ಮರಿಗಳನ್ನು ಈ ಎಣಿಕೆಗೆ ಸೇರಿಸುವುದಿಲ್ಲ. ನಿಜವಾಗಿ ನಡೆದದ್ದು ಇಷ್ಟೇ. ಮೊದಲು ಹೇಳಿದ್ದು ಕನಿಷ್ಠ ಅಂಕಿ, ಆಮೇಲೆ ಹೇಳಿದ್ದು ಸರಾಸರಿ. ಗರಿಷ್ಠ 3,925. ಅದನ್ನು ಇನ್ನೊಂದು ಸಮಾರಂಭಕ್ಕೆ ಉಳಿಸಿಕೊಂಡಿದ್ದರೆ ಮರಿ ಹಾಕುವ ಕೆಲಸ ಇನ್ನೂ ಒಂದು ಸಲ ಆಗಬಹುದಿತ್ತು.

ಹಳೆಯ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು 1966ರಲ್ಲಿ ಕಂಡುಕೊಂಡ ವಿಧಾನ ಅದು: ಮಣ್ಣಿನ ಮೇಲೆ ಹುಲಿಯ ಹೆಜ್ಜೆ ಕಂಡರೆ ಅದರ ಮೇಲೆ ಗಾಜಿನ ಹಲಗೆ ಇಟ್ಟು ಗೆರೆ ಎಳೆದುಕೊಳ್ಳಬೇಕು, ಇಲ್ಲವೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯಬೇಕು. ಎಡ ಹಿಂಗಾಲಿನ ಗುರುತು ನೋಡಿ ಇದು ಇಂಥದೇ ಹುಲಿ ಎಂದು ಹೇಳಬೇಕು. ಈ ವಿದ್ಯೆಯ ಬಲದಿಂದ 1972ರಲ್ಲಿ ದೇಶದಲ್ಲಿ 1,827 ಹುಲಿಗಳಿದ್ದವು. ಅಂದಾಜು ಪಂದಾಜು ಇಲ್ಲ, ಆವರಣವಿಲ್ಲ, ಬಿಡಿ ಲೆಕ್ಕ. ಆ ಸಾವಿರದ ಎಂಟುನೂರ ಇಪ್ಪತ್ತೇಳನೆಯ ಹುಲಿ ಯಾವುದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒದ್ದೆ ಮಣ್ಣಿನಲ್ಲಿ ಅಗಲವಾಗಿ, ಒಣ ದೂಳಿನಲ್ಲಿ ಚಿಕ್ಕದಾಗಿ ಮೂಡಿದ ಒಂದೇ ಪಾದ ಎರಡು ಹುಲಿಗಳಾಗಿ ದಾಖಲಾದದ್ದಕ್ಕೆ ಹುಲಿಯ ಕಡೆಯಿಂದಲೂ ದೂರು ಬರಲಿಲ್ಲ. 2001–02ರ ಹೊತ್ತಿಗೆ ಸಂಖ್ಯೆ 3,642ಕ್ಕೆ ಏರಿತು.

ರಾಜಸ್ಥಾನದ ಸರಿಸ್ಕದಲ್ಲಿ ಈ ವಿದ್ಯೆ ಪರಾಕಾಷ್ಠೆಗೆ ಮುಟ್ಟಿತು. 2004ರ ಕಡತದಲ್ಲಿ ಅಲ್ಲಿ 16ರಿಂದ 18 ಹುಲಿಗಳು ಆರೋಗ್ಯವಾಗಿ ಓಡಾಡಿಕೊಂಡಿದ್ದವು. 2005ರ ಆರಂಭದಲ್ಲಿ ಕಾಡಿಗೆ ಹೋಗಿ ಹುಡುಕಿದಾಗ ಒಂದೂ ಸಿಗಲಿಲ್ಲ. ಎಲ್ಲವನ್ನೂ ಕಳ್ಳಬೇಟೆಗಾರರು ಮುಗಿಸಿದ್ದರು. ಕಾಡಿನಲ್ಲಿ ಹುಲಿ ಸತ್ತರೂ ಕಡತದ ಹುಲಿ ಸಾಯುವುದಿಲ್ಲ ಎಂಬುದು ಜೀವವಿಜ್ಞಾನಕ್ಕೆ ನಮ್ಮ ಇಲಾಖೆಗಳು ಕೊಟ್ಟ ಕೊಡುಗೆ. ಆ ಜಾತಿಯ ಹುಲಿಗೆ ಬೇಕಾದ ಪರಿಸರವೇ ಬೇರೆ. ಅದಕ್ಕೆ ಜಿಂಕೆ ಬೇಡ, ನೀರಿನ ಹೊಂಡ ಬೇಡ, ಹಗಲು ಮಲಗಲು ಬಿದಿರುಮೆಳೆಯೂ ಬೇಡ. ಗೆದ್ದಲು ಹಿಡಿಯದ ಒಂದು ಕಪಾಟು, ಪ್ರತಿವರ್ಷ ಮಾರ್ಚಿಗೆ ಮುನ್ನ ಬಿಡುಗಡೆಯಾಗುವ ಅನುದಾನ, ವರ್ಗಾವಣೆಯ ಭಯವಿರುವ ಒಬ್ಬ ಅಧಿಕಾರಿ — ಇಷ್ಟಿದ್ದರೆ ಅದು ಬರಗಾಲದಲ್ಲೂ ಮರಿ ಹಾಕುತ್ತದೆ. ಸರಿಸ್ಕದ ನಂತರ ವಿಧಾನ ಬದಲಾಯಿತು. 2006ರ ಎಣಿಕೆಯಲ್ಲಿ ಸಿಕ್ಕಿದ್ದು 1,411. ಕಡತದ ಹುಲಿಗಳ ಸಾಮೂಹಿಕ ಸಾವಿಗೆ ಯಾರೂ ಸಂತಾಪ ಸೂಚಕ ಸಭೆ ಕರೆಯಲಿಲ್ಲ.

ಹೊಸ ವಿಧಾನದ ಬೇರು ನಮ್ಮ ನಾಗರಹೊಳೆಯಲ್ಲೇ ಇದೆ ಎಂಬುದನ್ನು ಹೆಮ್ಮೆಯಿಂದ ಹೇಳಬಹುದು. ತೊಂಬತ್ತರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ್ ಕಾರಂತರು ಅಲ್ಲಿ ಹುಲಿ ಓಡಾಡುವ ದಾರಿಗಳ ಅಕ್ಕಪಕ್ಕ ಕ್ಯಾಮೆರಾ ಕಟ್ಟಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆದ್ದರಿಂದ ಫೋಟೋ ನೋಡಿ ಹುಲಿಯನ್ನು ಗುರುತಿಸಬಹುದು. ಒಮ್ಮೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬುದರ ಮೇಲೆ, ಕ್ಯಾಮೆರಾಕ್ಕೆ ಬೀಳದೆ ಉಳಿದವು ಎಷ್ಟು ಎಂದು ಲೆಕ್ಕ ಹಾಕಬಹುದು. ಕ್ಯಾಮೆರಾ ಇಲ್ಲದ ಕಡೆಗಳಿಗೆ ಹಿಕ್ಕೆ, ಹೆಜ್ಜೆಗಳನ್ನು ಎಣಿಸಿ ಸೂತ್ರದಿಂದ ಗುಣಿಸಿ ಹುಲಿ ತೆಗೆಯುವುದು ಸರಿಯೇ ಎಂದು 2015ರಲ್ಲಿ ಕಾರಂತರೂ ಸೇರಿ ಕೆಲವು ವಿಜ್ಞಾನಿಗಳು ಪ್ರಶ್ನಿಸಿದಾಗ ಭಾರಿ ಜಗಳವಾಯಿತು. ಅದು ಪಂಡಿತರ ಜಗಳ, ಅವರೇ ಬಗೆಹರಿಸಿಕೊಳ್ಳಲಿ. ನನ್ನ ತಕರಾರು ಅದಕ್ಕಿಂತ ಬಡ ವಿಷಯದ ಬಗ್ಗೆ.

ಅದು ಜಿಂಕೆಯ ವಿಷಯ. ಒಂದು ಹುಲಿ ವರ್ಷಕ್ಕೆ ಸುಮಾರು ಐವತ್ತು ಗೊರಸಿನ ಪ್ರಾಣಿಗಳನ್ನು ತಿನ್ನುತ್ತದೆ. ಒಂದು ಕಾಡಿನ ಜಿಂಕೆ, ಕಡವೆ, ಕಾಟಿಗಳಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದನ್ನಷ್ಟೇ ಹುಲಿ ತೆಗೆಯುತ್ತದೆ ಎಂದು ಹಿಡಿದರೆ, ಪ್ರತಿ ಹುಲಿಯ ಹಿಂದೆ ಐನೂರು ಪ್ರಾಣಿಗಳು ಇರಬೇಕು. ಕಾರಂತರು ಮತ್ತು ಸಂಗಡಿಗರು ದೇಶದ ಬೇರೆ ಬೇರೆ ಕಾಡುಗಳಲ್ಲಿ ಅಳೆದು 2004ರಲ್ಲಿ ತೋರಿಸಿದ್ದು ಇದನ್ನೇ: ಬೇಟೆ ಎಷ್ಟಿದೆ ಎಂದು ಹೇಳಿ, ಹುಲಿ ಎಷ್ಟಿರುತ್ತದೆ ಎಂದು ಹೇಳುತ್ತೇವೆ. ಜಿಂಕೆ ದಂಡಿಯಾಗಿರುವ ನಾಗರಹೊಳೆಯ ಹೆಣ್ಣುಹುಲಿಗೆ ಇಪ್ಪತ್ತು ಚದರ ಕಿಲೋಮೀಟರು ಧಾರಾಳವಾಗಿ ಸಾಕು. ರಷ್ಯದ ಅಮೂರ್ ಸೀಮೆಯ ಹೆಣ್ಣುಹುಲಿಗೆ ಸುಮಾರು ನಾನೂರು ಚದರ ಕಿಲೋಮೀಟರು ಬೇಕು. ಅದಕ್ಕೆ ಜಮೀನಿನ ಆಸೆಯೇನೂ ಇಲ್ಲ, ಹಿಮದ ಕಾಡಿನಲ್ಲಿ ಊಟ ಸಿಗುವುದು ಅಷ್ಟು ದೂರ ದೂರಕ್ಕೆ.

ಹಾಗಿದ್ದ ಮೇಲೆ ಮೊದಲ ಸ್ಥಾನದ ಆಸೆ ಇರುವ ರಾಜ್ಯ ಏನನ್ನು ಎಣಿಸಿ ಸಂಭ್ರಮಿಸಬೇಕು? ‘ಜಿಂಕೆಯಲ್ಲಿ ಕರ್ನಾಟಕವೇ ನಂಬರ್ ಒನ್’ ಎಂಬ ಫಲಕ ಎಲ್ಲಾದರೂ ಕಂಡಿದ್ದೀರಾ? ವಿಶ್ವ ಕಡವೆ ದಿನ ಎಂದಿಗೆ ಬರುತ್ತದೆ? ನಸುಕಿನಲ್ಲೆದ್ದು ಸೀಳುದಾರಿಯಲ್ಲಿ ಸದ್ದಿಲ್ಲದೆ ನಡೆಯುತ್ತಾ, ಕಂಡ ಪ್ರಾಣಿ ಎಷ್ಟು ಮೀಟರ್ ದೂರದಲ್ಲಿತ್ತು, ಯಾವ ಕೋನದಲ್ಲಿತ್ತು ಎಂದು ಬರೆದುಕೊಳ್ಳುವ ವಾಚರ್‌ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ ಮಂತ್ರಿಯನ್ನು ನಾನು ನೋಡಿಲ್ಲ. ಹುಲ್ಲಿನ ಮಾತಂತೂ ಬೇಡವೇ ಬೇಡ. ಹುಲ್ಲು ಎಷ್ಟಿದೆ ಎಂದು ವಿಧಾನಸಭೆಯಲ್ಲಿ ಯಾರಾದರೂ ಕೇಳಿದರೆ, ಪಶುಸಂಗೋಪನಾ ಸಚಿವರು ಎದ್ದು ನಿಂತು ಮೇವು ಬ್ಯಾಂಕಿನ ಉತ್ತರ ಓದುತ್ತಾರೆ.

ಹುಲ್ಲು ಇರಬೇಕಾದ ಜಾಗದಲ್ಲಿ ಇರುವುದು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ತಂದ ಈ ಗಿಡ ಈಗ ದೇಶದ ಹುಲಿ ಕಾಡುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲಿನಲ್ಲಿ ಹರಡಿದೆ. ಬಂಡೀಪುರದ ರಸ್ತೆಯಲ್ಲಿ ಹೋದವರು ಹಸಿರನ್ನು ಕಂಡು ಉಲ್ಲಾಸಪಡುತ್ತಾರೆ. ಜಿಂಕೆ ಅದನ್ನು ಮೂಸಿ ಮುಂದೆ ಹೋಗುತ್ತದೆ. ನಿಜವಾದ ಗಣತಿ ನಡೆಸಿದರೆ ಕಾಡಿನ ಚುನಾವಣೆಯಲ್ಲಿ ಭಾರಿ ಬಹುಮತದಿಂದ ಗೆಲ್ಲುವುದು ಲಂಟಾನವೇ. ಅದಕ್ಕೆ ಆವರಣದೊಳಗಿನ ಅಂಕಿಯ ಸಂಕೋಚವೂ ಇಲ್ಲ. ಆದರೂ ಯಾವ ಪಕ್ಷವೂ ಅದನ್ನು ತನ್ನ ಸಾಧನೆಯ ಪಟ್ಟಿಗೆ ಸೇರಿಸಿಕೊಂಡಿಲ್ಲ.

ಕಾಡಂಚಿನ ಊರುಗಳಿಗೆ ಈ ಸಂಖ್ಯಾಶಾಸ್ತ್ರ ಬೇರೆ ರೀತಿಯಲ್ಲಿ ತಲುಪುತ್ತದೆ. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಜನ, ಹುಲಿ ಹಿಡಿಯಲು ಇಟ್ಟ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಎಣಿಕೆಯ ದೃಷ್ಟಿಯಿಂದ ನೋಡಿದರೆ ಇದೊಂದು ನಿರ್ದೋಷ ಸಮೀಕ್ಷೆ: ಇದ್ದವರೆಲ್ಲ ಬೋನಿನಲ್ಲಿ, ತಪ್ಪಿಸಿಕೊಂಡವರು ಸೊನ್ನೆ. ಅದೇ ವರ್ಷ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತವು. 2019ರಲ್ಲಿ ಎರಡು ಹುಲಿಗಳಿಗಾಗಿ ಮರುಗಿದ ನಾಡು ಆ ಐದನ್ನು ಕೆಲವು ದಿನಗಳಲ್ಲಿ ಮರೆತಿತು.

ಆನೆಯ ವಿಷಯದಲ್ಲಿ ನಾವು ಸೋಲು ಕಂಡವರಲ್ಲ. 2017ರಲ್ಲಿ 6,049, 2023ರಲ್ಲಿ 6,395, ಡಿಎನ್‌ಎ ಆಧಾರದ ಹೊಸ ಎಣಿಕೆಯಲ್ಲಿ 6,013. ಏರಿದರೂ ಮೊದಲ ಸ್ಥಾನ, ಇಳಿದರೂ ಮೊದಲ ಸ್ಥಾನ. ಹಳೆಯ ವಿಧಾನಗಳಲ್ಲೊಂದು ಲದ್ದಿ ಎಣಿಕೆ. ಆನೆ ದಿನಕ್ಕೆ ಎಷ್ಟು ಸಲ ಲದ್ದಿ ಹಾಕುತ್ತದೆ, ಅದು ಎಷ್ಟು ದಿನಕ್ಕೆ ಕರಗುತ್ತದೆ ಎಂದು ಗೊತ್ತಿದ್ದರೆ, ನೆಲದ ಮೇಲಿನ ಲದ್ದಿಯಿಂದ ಆನೆಯ ಸಂಖ್ಯೆಗೆ ಬರಬಹುದು. ಮಳೆ ಜೋರಾದರೆ ಲದ್ದಿ ಬೇಗ ಕರಗುತ್ತದೆ. ಲೆಕ್ಕ ತಿದ್ದದಿದ್ದರೆ ಮುಂಗಾರಿನಲ್ಲಿ ಆನೆಗಳು ಮಾಯ, ಬೇಸಿಗೆಯಲ್ಲಿ ಪ್ರತ್ಯಕ್ಷ. ಸಕಲೇಶಪುರದ ಕಾಫಿ ತೋಟದವರನ್ನು ಕೇಳಿದರೆ ಇಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ಎಷ್ಟು ಆನೆ, ಯಾವ ಗುಂಪು, ನಿನ್ನೆ ಯಾರ ಗದ್ದೆಯಲ್ಲಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಂಕಿ ಪ್ರಕಟವಾಗುವ ದಿನ ಆನೆಗಳೆಲ್ಲ ‘ನಮ್ಮ ಆನೆ’ಗಳು. ಮಾರನೆಯ ದಿನ ಗದ್ದೆಗೆ ಇಳಿದರೆ ‘ನಿಮ್ಮ ಆನೆಯನ್ನು ಹಿಡಿದುಕೊಂಡು ಹೋಗಿ’ ಎಂದು ಇಲಾಖೆಗೆ ಫೋನು. 2024ರಲ್ಲಿ ಲಾಲ್‌ಬಾಗಿನಲ್ಲಿ ಲಂಟಾನದ ಕಡ್ಡಿಗಳಿಂದ ಹೆಣೆದ ನಿಜ ಗಾತ್ರದ ಆನೆಗಳು ಸಾಲಾಗಿ ನಿಂತಿದ್ದವು. ಕಾಡಿನ ಜನ ತಮ್ಮ ಕೈಯಾರೆ ಮಾಡಿದವು. ಅವುಗಳ ಗಣತಿಯನ್ನು ಶಾಲೆಯ ಮಕ್ಕಳೇ ಮುಗಿಸಿದರು, ಒಂದೂ ತಪ್ಪಲಿಲ್ಲ.

ಮತ್ತೆ ಹುಲಿಗೆ ಬರೋಣ. 2022ರ ಎಣಿಕೆಯಲ್ಲಿ ಮಧ್ಯಪ್ರದೇಶ 785, ನಾವು 563. ಅಂತರ ಎರಡರಿಂದ 222ಕ್ಕೆ ಏರಿದೆ. ಇನ್ನು ಮೋಯಾರ್ ದಾಟಿಸಿ ಪ್ರಯೋಜನವಿಲ್ಲ. 222 ಹುಲಿ ಬೇಕೆಂದರೆ, ಒಂದಕ್ಕೆ ಐನೂರರಂತೆ, ಒಂದು ಲಕ್ಷ ಹನ್ನೊಂದು ಸಾವಿರ ಜಿಂಕೆ, ಕಡವೆ, ಕಾಟಿಗಳು ಹೆಚ್ಚಾಗಿ ಬೇಕು. ಅವಕ್ಕೆ ಹುಲ್ಲು ಬೇಕು. ಹುಲ್ಲಿಗೆ ಜಾಗ ಬೇಕು. ಜಾಗದಲ್ಲಿ ಲಂಟಾನವಿದೆ. ಲಂಟಾನವನ್ನು ಬುಡಸಮೇತ ಕೀಳಲು ಕೂಲಿಯಾಳು ಬೇಕು, ಕಿತ್ತ ಮೇಲೆ ಮತ್ತೆ ಚಿಗುರದಂತೆ ವರ್ಷಾನುಗಟ್ಟಲೆ ಕಾಯುವವರು ಬೇಕು. ಅಷ್ಟಕ್ಕೆಲ್ಲ ಹಣವಿಲ್ಲವೆಂದು ಆರ್ಥಿಕ ಇಲಾಖೆ ಷರಾ ಬರೆಯುತ್ತದೆ. ಇನ್ನೊಂದಿಷ್ಟು ಕ್ಯಾಮೆರಾ ಕೊಳ್ಳುವುದಾದರೆ ಟೆಂಡರ್ ಕರೆಯಲು ಅಭ್ಯಂತರವಿಲ್ಲವಂತೆ.