ಆ ಕಿರೀಟಗಳು ಒರಟಾಗಿ ಕಾಣುವುದಕ್ಕೆ ಕಾರಣವಿದೆ

ಮಧ್ಯಯುಗದ ಯುರೋಪಿನ ರಾಜಾಭರಣಗಳು "ಇಂದಿನ ಕಣ್ಣಿಗೆ ಒರಟು, ಕಲ್ಲುಗಳಲ್ಲಿ ಹೊಳಪೇ ಇಲ್ಲ" ಎಂದು ಈ ಕಿರೀಟಗಳ ಕುರಿತ ಲೇಖನವೊಂದರಲ್ಲಿ ಲೇಖಕರು ಆಡಿದ ಮಾತನ್ನು ನಾನು ಒಪ್ಪುವುದಿಲ್ಲ. ಹೊಳಪು ಎಂದ ಕೂಡಲೇ ನಮ್ಮ ಕಣ್ಣು ಹುಡುಕುವುದು ಬ್ರಿಲಿಯಂಟ್ ಕಟ್ ವಜ್ರದ, ಅಂದರೆ ಬೆಳಕು ಚಿಮ್ಮುವಂತೆ ಹಲವು ಚಪ್ಪಟೆ ಮುಖಗಳನ್ನು ಕೊಯ್ದ ವಜ್ರದ, ಮಿಂಚನ್ನು. ಅದರ ಇಂದಿನ ಕೋನಗಳ ಲೆಕ್ಕವನ್ನು ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಪ್ರಕಟಿಸಿದ್ದೇ 1919ರಲ್ಲಿ. ಆ ಅಳತೆಗೋಲು ಹಿಡಿದು ಸಾವಿರ ವರ್ಷ ಹಿಂದಿನ ಕಿರೀಟವನ್ನು ಅಳೆಯುವುದು ಯಾವ ನ್ಯಾಯ?

ವಿಯೆನ್ನಾದ ಹಾಫ್‌ಬರ್ಗ್ ಅರಮನೆಯ ಖಜಾನೆಯಲ್ಲಿರುವ ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟವನ್ನೇ ನೋಡಿ. ಎಂಟು ಫಲಕಗಳಲ್ಲಿ ನಾಲ್ಕರ ತುಂಬ ಬರೀ ಕಲ್ಲು, ಮುತ್ತು. ಕಲ್ಲುಗಳಿಗೆ ಚಪ್ಪಟೆ ಮುಖಗಳನ್ನು ಕೊಯ್ದಿಲ್ಲ, ದುಂಡಗೆ ಉಜ್ಜಿ ನಯ ಮಾಡಿದ್ದಾರೆ. ಒಂದರ ಹಾಗೆ ಇನ್ನೊಂದಿಲ್ಲ. ಇದು ಕೈಲಾಗದವರ ಕೆಲಸವಲ್ಲ. ಚಿನ್ನದ ತಗಡಿನಲ್ಲಿ ಕಿಂಡಿ ಕೊರೆದು, ಕಲ್ಲನ್ನು ಅದರೊಳಗೆ ತೆಳ್ಳನೆ ತಂತಿಯಿಂದ ಹಿಡಿದು ನಿಲ್ಲಿಸಿದ್ದಾರೆ. ಹಿಂದಿನಿಂದ ಬೆಳಕು ಹಾಯ್ದರೆ ಇಡೀ ಕಲ್ಲು ಒಳಗಿನಿಂದಲೇ ಬಣ್ಣ ಹೊತ್ತಿಕೊಂಡಂತೆ ಕಾಣುತ್ತದೆ. ಲೇಖನದ ಜೊತೆಗಿರುವ ಫ್ಲ್ಯಾಶ್ ಫೋಟೊದಲ್ಲಿ ಅದು ಕಾಣುವುದಾದರೂ ಹೇಗೆ?

ಉಳಿದ ನಾಲ್ಕು ಫಲಕಗಳ ಎನಾಮೆಲ್ (ಲೋಹದ ಮೇಲೆ ಬಣ್ಣದ ಗಾಜು ಕರಗಿಸಿ ಮಾಡಿದ) ಚಿತ್ರಗಳಲ್ಲಿನ ಮುಖಗಳು ಬಿಗಿದುಕೊಂಡಂತಿವೆ ಎಂದು ಲೇಖಕರು ಹೇಳಿರುವುದು ಸರಿ, ನನಗೂ ಹಾಗೇ ಅನ್ನಿಸಿದೆ.

ಆದರೆ ಇಡೀ ಮಧ್ಯಯುಗವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. 1402ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಬ್ಲಾಂಚ್ ಮದುವೆಯಾದಾಗ ಜರ್ಮನಿಗೆ ಹೋದ ಕಿರೀಟ ಈಗ ಮ್ಯೂನಿಕ್‌ನಲ್ಲಿದೆ. ಹನ್ನೆರಡು ಚಿನ್ನದ ಲಿಲ್ಲಿಗಳು, ಒಂದು ಎತ್ತರ, ಒಂದು ಗಿಡ್ಡ, ನಡುವೆ ನೀಲಮಣಿ, ಮುತ್ತು. ಇವತ್ತಿನ ಯಾವ ಮದುಮಗಳ ತಲೆಗಿಟ್ಟರೂ ಯಾರೂ ಅದನ್ನು ಒರಟು ಎನ್ನಲಾರರು.