ಹದಿನೇಳನೇ ಕಂತು

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ನನಗೆ ಬಾಯಿಪಾಠ ಆಗಿರುವುದು ಎರಡೇ ನಂಬರು. 657 ಮತ್ತು 894.814. ಮೊದಲನೆಯದು ಅಕೌಂಟೆನ್ಸಿ. ಬಿ.ಕಾಂ. ಎರಡನೇ ವರ್ಷದವಳು ನಾನು, ಓದಬೇಕಾದ್ದು ಅದು. ಎರಡನೆಯದು ಕನ್ನಡ ಸಾಹಿತ್ಯ. ಓದುವುದು ಅದು. ಅಕೌಂಟೆನ್ಸಿ ಬೀರುವಿನ ಮುಂದೆ ಎರಡು ನಿಮಿಷ ನಿಂತು, ಮೇಷ್ಟ್ರು ಯಾರಾದರೂ ನೋಡಿದರು ಅಂತ ಖಾತ್ರಿಯಾದ ಮೇಲೆ ಮೆಲ್ಲಗೆ ಆ ಕಡೆ ಜಾರಿಕೊಳ್ಳುವುದು ನನ್ನ ಮಾಮೂಲಿ.

ಈ ನಂಬರಿನ ಪದ್ಧತಿ ಶುರು ಮಾಡಿದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ, 1876ರಲ್ಲಿ. ಜಗತ್ತಿನಲ್ಲಿ ತಿಳಿಯಬೇಕಾದ್ದನ್ನೆಲ್ಲ ಹತ್ತು ಪಾಲು ಮಾಡಿ, ಪಾಲಿನೊಳಗೆ ಮತ್ತೆ ಪಾಲು ಮಾಡಿ, ನಮ್ಮ ಕಡೆ ಅಣ್ಣತಮ್ಮಂದಿರು ಜಮೀನು ಹಿಸ್ಸೆ ಮಾಡಿಕೊಂಡ ಹಾಗೆ. ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ರಸ್ತೆ ಪಕ್ಕದ ಸೈಟು ಸಿಕ್ಕಿದೆ. ಕನ್ನಡ ಮಾತ್ರ 'ಇತರ ಭಾಷೆಗಳು' ಅನ್ನುವ 890ರ ಒಳಗೆ, ಅದರಲ್ಲೂ ದ್ರಾವಿಡ ಭಾಷೆಗಳ ಸಾಲಿನಲ್ಲಿ, ಚುಕ್ಕಿ ದಾಟಿ ಮೂರು ಅಂಕಿ ಆದ ಮೇಲೆ ಸಿಗುತ್ತದೆ. ಮೊದಲು ಗೊತ್ತಾದಾಗ ಸಿಟ್ಟು ಬಂದಿತ್ತು. ಈಗಿಲ್ಲ. ಮೂಲೆಗೆ ಬಿದ್ದಿರುವುದರಿಂದಲೇ ಅಲ್ಲಿಗೆ ಯಾರೂ ಬರುವುದಿಲ್ಲ. ಒಂದು ಕಿಟಕಿಯೂ ಇದೆ.

ಊರು ಮಂಡ್ಯ. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತೇನೆ, ನಲವತ್ತೈದು ಕಿಲೋಮೀಟರ್ ಆಸುಪಾಸು. ಹೋಗುವಾಗ ನಿದ್ದೆ, ಬರುವಾಗ ಓದು. ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು, ಆಮೇಲೆ ಮಂಡ್ಯ. ಪುಸ್ತಕ ಹೇಗಿದೆಯೇ ಅಂತ ಗೆಳತಿ ಕೇಳಿದರೆ ನಾನು ಉತ್ತರ ಕೊಡುವುದು ಸ್ಟೇಷನ್ ಲೆಕ್ಕದಲ್ಲಿ. ನಾಗನಹಳ್ಳಿಗೇ ಬ್ಯಾಗಿಗೆ ಹೋಯಿತು ಅಂದರೆ ಕತೆ ಮುಗಿಯಿತು. ಶ್ರೀರಂಗಪಟ್ಟಣದ ಎರಡು ಕಡೆಯೂ ಕಾವೇರಿ ಸೇತುವೆ ಇದೆಯಲ್ಲ, ಅಲ್ಲಿ ರೈಲಿನ ಸದ್ದು ಎರಡು ಸಲ ಬದಲಾಗುತ್ತದೆ. ಪಕ್ಕದವರು ಹೊಳೆಗೆ ಕೈ ಮುಗಿಯುತ್ತಾರೆ, ಯಾರೋ ಒಬ್ಬರು ಕಾಸು ಎಸೆಯುತ್ತಾರೆ. ಅಷ್ಟಾದರೂ ತಲೆ ಎತ್ತದೆ ಕೂತಿದ್ದರೆ ಪುಸ್ತಕ ಗಟ್ಟಿ ಅಂತ ಅರ್ಥ.

ಈ ಚಟ ನನಗೆ ಹತ್ತಿದ್ದು ಅಜ್ಜಿಯಿಂದ. ಅಮ್ಮನ ಅಮ್ಮ, ಕೆ.ಆರ್. ಪೇಟೆ ಕಡೆಯವರು, ಓದಿದ್ದು ಏಳನೇ ಕ್ಲಾಸು. ಅವರ ಟ್ರಂಕಿನಲ್ಲಿ ರೇಷ್ಮೆ ಸೀರೆ ಎರಡೇ. ಮಿಕ್ಕಿದ್ದೆಲ್ಲ ವಾರಪತ್ರಿಕೆಯ ಧಾರಾವಾಹಿಗಳು. ವಾರ ವಾರ ಆ ನಾಲ್ಕು ಹಾಳೆಯನ್ನು ಮಾತ್ರ ಹುಷಾರಾಗಿ ಬಿಡಿಸಿ ದಿಂಬಿನ ಕೆಳಗಿಟ್ಟು, ಕತೆ ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು, ಮೈದಾ ಅಂಟು ಕಾಯಿಸಿ, ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ರಟ್ಟು ಮಾಡಿ ಅಂಟಿಸುತ್ತಿದ್ದರಂತೆ. ಕ್ಯಾಲೆಂಡರಿನ ಲಕ್ಷ್ಮಿ ಯಾವಾಗಲೂ ಒಳಗಡೆಗೆ. ಹೊರಗಿದ್ದರೆ ಕೈ ಕಾಲು ತಾಗುತ್ತದಲ್ಲ.

ಆ ಪುಸ್ತಕಗಳ ಮಜಾ ಕತೆಯಲ್ಲಿ ಎಷ್ಟಿದೆಯೋ ಕತೆಯ ಹಿಂಬದಿಯಲ್ಲೂ ಅಷ್ಟೇ ಇದೆ. ನಾಯಕಿ ಕಣ್ಣೀರು ಒರೆಸಿಕೊಂಡಳು ಅಂತ ಪುಟ ತಿರುಗಿಸಿದರೆ 'ನಂತರ ಇಂಗು ಹಾಕಿ ಕೆಳಗಿಳಿಸಿ' ಅಂತ ಅರ್ಧ ಅಡುಗೆ. ಏನನ್ನು ಕೆಳಗಿಳಿಸಬೇಕು ಅನ್ನುವುದು ಅಜ್ಜಿಗೂ ನೆನಪಿಲ್ಲ. ಇನ್ನೊಂದು ಪುಟದ ಹಿಂದೆ ವಾರಭವಿಷ್ಯ, ಮೀನ ರಾಶಿಯವರಿಗೆ ಅನಿರೀಕ್ಷಿತ ಧನಲಾಭ. ಅಜ್ಜಿಯದು ಮೀನ ರಾಶಿ. ನಲವತ್ತು ಚಿಲ್ಲರೆ ವರ್ಷ ಆಯಿತು, ಇನ್ನೂ ಬಂದಿಲ್ಲ. ಆ ಹಾಳೆಗಳೆಲ್ಲ ಈಗ ಟೀ ಬಿದ್ದ ಬಣ್ಣಕ್ಕೆ ತಿರುಗಿವೆ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಜಾಸ್ತಿ ಉಳಿದಿರುತ್ತದೆ, ಗಾಳಿ ಬೆಳಕು ತಾಗಿ ಅದು ಹಳದಿಯಾಗುತ್ತದೆ, ಅದು ಒಡೆಯುವಾಗ ವೆನಿಲಾಕ್ಕೆ ಪರಿಮಳ ಕೊಡುವ ವೆನಿಲಿನ್ನೂ ಸ್ವಲ್ಪ ಹುಟ್ಟುತ್ತದೆ. ಹಳೇ ಪುಸ್ತಕ ಮೂಸಿದರೆ ಹಿತ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಅಜ್ಜಿಯ ಟ್ರಂಕಿನಲ್ಲಿ ಅದರ ಜೊತೆಗೆ ನುಸಿಗುಳಿಗೆ ಮತ್ತು ಮೈದಾ ಅಂಟಿನ ವಾಸನೆ. ಮೈದಾ ತಿನ್ನಲು ಬಂದ ಹುಳುಗಳು ಬೆನ್ನಿನ ಕಡೆ ಅಲ್ಲಲ್ಲಿ ಅಕ್ಷರವನ್ನೂ ತಿಂದಿವೆ.

ಅವುಗಳಲ್ಲಿ ಒಂದು ಕತೆಗೆ ಹದಿನೇಳನೇ ಕಂತೇ ಇಲ್ಲ. ಕತೆಯ ಹೆಸರು ಹೇಳುವುದಿಲ್ಲ, ಹೇಳಿದರೆ ಓದಿದವರು ಯಾರಾದರೂ ಅಜ್ಜಿಗೆ ಮುಂದಿನದನ್ನು ಮುಟ್ಟಿಸಿಬಿಟ್ಟೀರಿ. ಹದಿನಾರನೇ ಕಂತಿನ ಕೊನೆಯಲ್ಲಿ ನಾಯಕ ಸೂಟ್‌ಕೇಸು ಹಿಡಿದು ಮಳೆಯಲ್ಲೇ ಮನೆ ಬಿಟ್ಟು ಹೊರಡುತ್ತಾನೆ, ನಾಯಕಿ ಇನ್ನು ನಿಮ್ಮ ಮುಖ ನೋಡುವುದಿಲ್ಲ ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ. ಹದಿನೆಂಟನೆಯದರ ಮೊದಲ ಸಾಲಿನಲ್ಲಿ ಅವನು ಆಸ್ಪತ್ರೆಯ ಮಂಚದ ಮೇಲಿದ್ದಾನೆ, ಅವಳು ಪಕ್ಕದಲ್ಲಿ ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದಾಳೆ. ನಡುವೆ ಏನಾಯಿತು?

"ನಿಮ್ಮವ್ವ ಹುಟ್ಟಿದ ವಾರ ಕಣವ್ವ ಅದು. ಪತ್ರಿಕೆ ತರೋರ್ ಯಾರಿದ್ರು?" ಅನ್ನುತ್ತಾರೆ ಅಜ್ಜಿ. ಹಾಗಾಗಿ ನಮ್ಮ ಮನೆಯಲ್ಲಿ ಅಮ್ಮನೇ ಹದಿನೇಳನೇ ಕಂತು. ಸಿಟ್ಟು ಮಾಡಿಕೊಂಡಾಗ ಅಪ್ಪ ಹಾಗೇ ಕರೆಯುತ್ತಾರೆ. ಕೇಳಿದಾಗಲೆಲ್ಲ ಅಜ್ಜಿ ಕತೆಯ ಆ ಜಾಗಕ್ಕೆ ಬೇರೆ ಬೇರೆ ತೇಪೆ ಹಾಕಿದ್ದಾರೆ. ನಾನು ಚಿಕ್ಕವಳಿದ್ದಾಗ ಲಾರಿ ಗುದ್ದಿತ್ತು. ಹೈಸ್ಕೂಲಿಗೆ ಬಂದಾಗ ಮಳೆಯಲ್ಲಿ ನೆನೆದು ಜ್ವರ. ಈಚೆಗೆ, ನನಗೂ ಸ್ವಲ್ಪ ತಿಳಿವಳಿಕೆ ಬಂತು ಅನ್ನಿಸಿತೇನೋ, "ಏನೂ ಆಗಿರ್ನಿಲ್ಲ ಕಣ್ ಮಗ, ಅವ್ಳು ಬತ್ತಾಳಾ ಅಂತ ನೋಡಕ್ಕೆ ಸುಮ್ನೆ ಮಲಗಿದ್ದ" ಅಂದರು. ನನಗೆ ಮೂರನೆಯದೇ ಇಷ್ಟ.

ಅಮ್ಮನೂ ಓದುತ್ತಿದ್ದಳು. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದ ಅಂಗಡಿಗಳಲ್ಲಿ ಚೌಕಾಸಿ ಮಾಡಿ ತಂದ ತ್ರಿವೇಣಿಯವರ ಕಾದಂಬರಿಗಳು ಈಗಲೂ ಶೋಕೇಸಿನಲ್ಲಿವೆ. ಮೈಸೂರಿನಲ್ಲೇ ಬಾಳಿದ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ, ಅಷ್ಟರೊಳಗೆ ಅಷ್ಟು ಬರೆದಿದ್ದಾರೆ. 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು, ಅಂಗಡಿಗಳು ಖಾಲಿಯಾದವು. ನಾನು ನೋಡಿರುವುದು ಬೀಗ ಹಾಕಿದ ಕಮಾನುಗಳನ್ನು ಮಾತ್ರ. ಮದುವೆಯಾದ ಮೇಲೆ ಅಮ್ಮ ಓದಿದ್ದು ಕಡಿಮೆ. ಯಾಕಮ್ಮ ಅಂದರೆ "ಕೈ ಬಿಡುವಿಲ್ಲ" ಅನ್ನುತ್ತಾಳೆ. ಅಜ್ಜಿಗೆ ಐದು ಮಕ್ಕಳು, ಎರಡು ಎಮ್ಮೆ ಇದ್ದವು ಅಂತ ನಾನು ನೆನಪಿಸಲು ಹೋಗುವುದಿಲ್ಲ.

ನನಗೂ ಬಿಡುವಾಗಿದ್ದಾಗ ಓದಲಾಗುವುದಿಲ್ಲ, ಅದು ಬೇರೆ ವಿಷಯ. ಕದ್ದು ಓದಿದರೇ ರುಚಿ. ಇಂಟರ್ನಲ್ಸ್ ಹಿಂದಿನ ರಾತ್ರಿ, ಬ್ಯಾಲೆನ್ಸ್ ಶೀಟು ತಾಳೆಯಾಗದೆ ಕೂತಿರುವಾಗ, ಲೆಡ್ಜರಿನ ಕೆಳಗಿಂದ ಒಂದು ಕಾದಂಬರಿ ಎಳೆದು ಎರಡೇ ಪುಟ ಅಂತ ಶುರು ಮಾಡಿ ನೋಡಿ. ಅದೇ ಕಾದಂಬರಿ ರಜದಲ್ಲಿ ಹದಿನೈದು ದಿನ ಟೇಬಲ್ ಮೇಲೆ ಬಿದ್ದಿರುತ್ತದೆ, ಅದರ ಮೇಲೆ ಕಾಫಿ ಲೋಟ. ಇನ್ನು ಸಿಲಬಸ್ಸಿಗೆ ಬಂದರಂತೂ ಮುಗಿದೇ ಹೋಯಿತು. ಪಿಯುಸಿಯಲ್ಲಿ ನಾನೇ ಇಷ್ಟಪಟ್ಟು ಓದಿದ್ದ ಒಂದು ಕತೆ ಆಮೇಲೆ ಪಾಠವಾಗಿ ಬಂತು. 'ಈ ಮಾತನ್ನು ಯಾರು ಯಾರಿಗೆ ಹೇಳಿದರು' ಅಂತ ಎರಡು ಮಾರ್ಕಿಗೆ ಬರೆದು ಬರೆದು, ಆ ಇಬ್ಬರೂ ನನ್ನ ಜೊತೆ ಮಾತು ಬಿಟ್ಟರು.

ಈ ವಿಷಯದಲ್ಲಿ ಆರ್.ಕೆ. ನಾರಾಯಣ್ ಜಾಣರು. ಅವರು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿ ಒಂದು ವರ್ಷ ಮನೆಯಲ್ಲೇ ಇದ್ದರು, ಆ ವರ್ಷವೆಲ್ಲ ಓದುತ್ತಾ ಬರೆಯುತ್ತಾ ಕಳೆದರು. ಆಮೇಲೆ ಮೈಸೂರಿನ ಮಹಾರಾಜ ಕಾಲೇಜು ಸೇರಿ ಡಿಗ್ರಿ ಮುಗಿಸಲು ಮಾಮೂಲಿಗಿಂತ ಒಂದು ವರ್ಷ ಜಾಸ್ತಿ ತೆಗೆದುಕೊಂಡರು. ಎಂ.ಎ. ಮಾಡೋಣ ಅಂತಿದ್ದಾಗ ಗೆಳೆಯನೊಬ್ಬ, ಅದನ್ನು ಮಾಡಿದರೆ ಸಾಹಿತ್ಯದ ಮೇಲಿರುವ ಆಸೆಯೇ ಸತ್ತು ಹೋಗುತ್ತದೆ ಅಂತ ಹೇಳಿ ತಪ್ಪಿಸಿದನಂತೆ. ಇಂಥ ಗೆಳೆಯ ಎಲ್ಲರಿಗೂ ಸಿಗುವುದಿಲ್ಲ. ಯಾದವಗಿರಿಯ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಫೇಲಾದ ವಿಷಯವನ್ನು ಅಪ್ಪನಿಗೆ ಒಮ್ಮೆ ಹೇಳಿದೆ. "ಅವ್ರು ಪಾಸಾಗಿದ್ರೆ ಇನ್ನೂ ಚೆನ್ನಾಗ್ ಬರೀತಿದ್ರು" ಅಂದರು.

ಅಪ್ಪನದು ಗೊಬ್ಬರದ ಅಂಗಡಿ. ಕತೆ ಪುಸ್ತಕ ಅಂದರೆ ಅವರ ಲೆಕ್ಕದಲ್ಲಿ ಸಾಲಕ್ಕೆ ಕೊಟ್ಟ ಯೂರಿಯಾ ಇದ್ದ ಹಾಗೆ, ಹೋದದ್ದು ಬರುವುದಿಲ್ಲ. ಹೋದ ವರ್ಷ ಮನೆ ಕಂದಾಯ ಕಟ್ಟಿ ಬಂದ ದಿನ ರಸೀದಿ ಹಿಡಿದು ಜಗಲಿಯಲ್ಲಿ ಕೂತಿದ್ದರು. ತೆರಿಗೆಯ ಕೆಳಗೆ ಸಾಲಾಗಿ ಕರಗಳು. ಗ್ರಂಥಾಲಯಕ್ಕೆ ನೂರಕ್ಕೆ 6, ಭಿಕ್ಷುಕರಿಗೆ ನೂರಕ್ಕೆ 3.

"ಏನವ್ವ ಇದು ಗ್ರಂಥಾಲಯ ಕರ? ನಾನ್ ಯಾವತ್ ಹೋಗಿವ್ನಿ?"

1965ರಲ್ಲೇ ಇದಕ್ಕೆ ಕಾಯಿದೆ ಆಗಿದೆ, ಆ ದುಡ್ಡಿನಲ್ಲೇ ಸಾರ್ವಜನಿಕ ಲೈಬ್ರರಿಗಳು ನಡೆಯುತ್ತವೆ ಅಂತ ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆ ಕಟ್ಟಿದಾಗಿನಿಂದ ಎಷ್ಟು ಹೋಗಿರಬಹುದು ಅಂತ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ, "ಸರಿ, ಈ ಭಾನ್ವಾರದಿಂದ ನೀನ್ ಹೋಗು. ಕಟ್ಟಿರೋದ್ನೆಲ್ಲ ಓದಿ ವಸೂಲ್ ಮಾಡ್ಕಂಡ್ ಬಾ."

ನನ್ನ ಜೀವನದಲ್ಲಿ ಮೊದಲ ಸಲ ಓದುವುದಕ್ಕೆ ಅಪ್ಪಣೆ ಸಿಕ್ಕಿತ್ತು. ಭಾನುವಾರ ತಿಂಡಿ ತಿಂದು ಹೋದೆ. ಒಳ್ಳೆ ಕುರ್ಚಿ, ಮೇಲೆ ಫ್ಯಾನು, ಎದುರಿಗೆ ಪೇಪರ್ ಹಿಡಿದ ಹಿರಿಯರು. ಪುಸ್ತಕ ತೆಗೆದರೆ ಒಂದು ಪುಟವೂ ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ಅಪ್ಪ "ಎಷ್ಟ್ ಪುಟ ಆಯ್ತು?" ಅಂದರು. ಎರಡನೇ ಭಾನುವಾರವೂ ಅದೇ ಪ್ರಶ್ನೆ. ಮೂರನೇ ಭಾನುವಾರ ನಾನು ಲೈಬ್ರರಿಯಲ್ಲಿ ಕೂತು, ಸತ್ಯವಾಗಿ ಹೇಳುತ್ತೇನೆ, ಕದ್ದು ಅಕೌಂಟೆನ್ಸಿ ಲೆಕ್ಕ ಮಾಡಿದೆ. ಎಷ್ಟು ಸಲೀಸಾಗಿ ತಾಳೆಯಾಯಿತು ಅಂತೀರಿ!

ಇಷ್ಟರಲ್ಲಿ ಕಾಲೇಜಿನ 894.814ರಲ್ಲಿ ಒಂದು ಪುಸ್ತಕ ಸಿಕ್ಕಿತು. ಬೈಂಡಿಂಗ್ ಮಾಡಿಸಿದವರು ಬೆನ್ನಿನ ಮೇಲೆ ನಂಬರು ಮಾತ್ರ ಬರೆಸಿ ಹೆಸರು ಬಿಟ್ಟಿದ್ದರು, ಅದಕ್ಕೇ ಎರಡು ವರ್ಷದಿಂದ ಅದರ ಮುಂದೆ ಓಡಾಡಿಯೂ ನೋಡಿರಲಿಲ್ಲ. ಹಿಂದಿನ ಚೀಟಿಯಲ್ಲಿ ಕೊನೆಯ ಮುದ್ರೆ 2008ರದು. ಸುಮ್ಮನೆ ತೆಗೆದು ಮೊದಲ ಪುಟ ಓದಿದೆ, ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಎರಡನೇ ಪುಟಕ್ಕೆ ಮೈ ಜುಮ್ಮೆಂದಿತು. ಅಜ್ಜಿಯ ಕತೆ! ಹಿಂಬದಿಯಲ್ಲಿ ಇಂಗು ಇಲ್ಲ, ಮೀನ ರಾಶಿ ಇಲ್ಲ, ಎರಡು ಕಡೆಯೂ ಬರೀ ಕತೆ. ಏನೋ ಬೋಳು ಬೋಳು. ಪುಸ್ತಕವಾಗುವಾಗ ಕಂತುಗಳು ಹೋಗಿ ಅಧ್ಯಾಯಗಳಾಗಿವೆ. ಸೂಟ್‌ಕೇಸು ಎಲ್ಲಿದೆ ಅಂತ ಹುಡುಕಬಾರದು, ಮೊದಲಿನಿಂದಲೇ ಬರಬೇಕು ಅಂತ ನನಗೆ ನಾನೇ ಷರತ್ತು ಹಾಕಿಕೊಂಡೆ.

ಮೂರನೇ ದಿನ ಸಂಜೆ ರೈಲಿನಲ್ಲಿ ಮಳೆ ಶುರುವಾಯಿತು. ಕಾದಂಬರಿಯಲ್ಲಿ. ಹೊರಗೆ ಬಿಸಿಲಿತ್ತು ಅಂತ ಕಾಣುತ್ತದೆ, ನಾನು ನೋಡಲಿಲ್ಲ. ಸೇತುವೆಯ ಸದ್ದು ಕೇಳಲಿಲ್ಲ. ಅವನು ಸೂಟ್‌ಕೇಸು ತೆಗೆದುಕೊಂಡ, ಅವಳು ಬಾಗಿಲು ಹಾಕಿಕೊಂಡಳು, ನಾನು ಪುಟ ತಿರುಗಿಸಿದೆ. ಮುಂದಿನದನ್ನು ಉಸಿರು ಬಿಡದೆ ಓದಿ, ಕೊನೆಗೆ ಕಿತ್ತಳೆ ಹಣ್ಣು ಬಂದಾಗ ತಲೆ ಎತ್ತಿ ಎದುರಿಗಿದ್ದ ಹೆಂಗಸನ್ನು "ಅಕ್ಕಾ, ಯಲಿಯೂರು ಆಯ್ತಾ?" ಅಂತ ಕೇಳಿದೆ. ಅವರು ನನ್ನನ್ನೂ ಪುಸ್ತಕವನ್ನೂ ನೋಡಿ, "ಮದ್ದೂರು ಬಂತಲ್ಲವ್ವ" ಅಂದರು.

ಮದ್ದೂರಿನಲ್ಲಿ ಇಳಿದೆ. ಒಂದು ವಡೆ ತೆಗೆದುಕೊಂಡು ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತೆ. ವಾಪಸ್ಸು ರೈಲಿಗೆ ಇನ್ನೂ ಹೊತ್ತಿತ್ತು. ಅಪ್ಪನಿಗೆ ಫೋನ್ ಮಾಡುವ ಮೊದಲು ಅಜ್ಜಿಗೆ ಮಾಡಿದೆ. ಹದಿನೇಳನೇ ಕಂತು ಸಿಕ್ಕಿತು ಅಜ್ಜಿ, ಏನಾಗಿತ್ತು ಗೊತ್ತಾ ಅಂತ ಶುರು ಮಾಡಿದರೆ ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಹೇಳ್ಬ್ಯಾಡ" ಅಂದರು. "ಪುಸ್ತಕ ತಗಬಾ. ಕನ್ನಡ್ಕದ ಕಡ್ಡಿ ಮುರ್ದೈತೆ, ನಿಮ್ಮಪ್ಪುಂಗೆ ಹೇಳಿ ಸರಿ ಮಾಡುಸ್ಕೊಡು."

ಕನ್ನಡಕ ಸರಿಯಾಯಿತು. ಅಜ್ಜಿ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಅಪ್ಪ ಊಟಕ್ಕೆ ಕರೆದರೂ ಬೆರಳು ಅಡ್ಡ ಇಟ್ಟುಕೊಂಡು "ತಡಿ" ಅನ್ನುತ್ತಾರೆ. ಪುಸ್ತಕ ವಾಪಸ್ಸು ಕೊಡುವ ದಿನ ಕಳೆದು ಇವತ್ತಿಗೆ ಇಪ್ಪತ್ತಾರು ದಿನ ಆಯಿತು, ದಿನಕ್ಕೆ ಒಂದು ರೂಪಾಯಿ ಫೈನು. ನೂರಕ್ಕೆ ಆರು ಕಟ್ಟುತ್ತಿರುವುದು ಸಾಲದು ಅಂತ ಇದು ಬೇರೆ ಅಂತ ಅಪ್ಪನ ಗೊಣಗಾಟ. ನೇರ ಆ ಜಾಗಕ್ಕೆ ಹೋಗಿ ಅಜ್ಜಿ, ಮಿಕ್ಕಿದ್ದು ನಿಮಗೆ ಗೊತ್ತೇ ಇದೆಯಲ್ಲ ಅಂತ ನಾನೂ ಹೇಳಿ ನೋಡಿದೆ. ಕೇಳುವುದಿಲ್ಲ. ಇನ್ನೂ ಅರವತ್ತೆರಡನೇ ಪುಟದಲ್ಲಿದ್ದಾರೆ, ನಾಯಕ ಸೂಟ್‌ಕೇಸನ್ನೇ ಇನ್ನೂ ಕೊಂಡುಕೊಂಡಿಲ್ಲ.