ಸಾಲಿನ ದಿಕ್ಕಿಗೂ ನೆಲದ ಹಸಿಗೂ ಇರುವ ನಂಟು

ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಗೆ ಬಂದ ಮೇಲೆ ನಾನು ಹೊಲ ನೋಡುವ ರೀತಿಯೇ ಬದಲಾಗಿದೆ. ಕರ್ನಾಟಕದಲ್ಲಿ ಬಿತ್ತುವಾಗ ನಾವು ನೋಡುವುದು ಎರಡನ್ನು: ಇಳಿಜಾರು ಯಾವ ಕಡೆಗಿದೆ, ಹೊಲದ ಉದ್ದ ಯಾವ ಕಡೆಗಿದೆ. ಇಲ್ಲಿ ಸಾಲಿನ ಮಾತು ಬಂದರೆ ಸೂರ್ಯನ ಮಾತೂ ಬರುತ್ತದೆ. ಇದು ನಮಗೂ ಬೇಕಾದ ಲೆಕ್ಕ ಅಂತ ನನಗೆ ಅನಿಸುತ್ತದೆ.

ಹೊಲ ಹೀರಿಕೊಂಡ ಬಿಸಿಲು ಒಂದಿಷ್ಟು ನೆಲವನ್ನು ಕಾಯಿಸುತ್ತದೆ, ಒಂದಿಷ್ಟು ಗಾಳಿಯನ್ನು. ಉಳಿದದ್ದು ನೀರನ್ನು ಆವಿ ಮಾಡುತ್ತದೆ. ಆ ನೀರು ಎಲೆಯ ಮೂಲಕ ಹೋದರೆ ಬೆಳೆ ಬೆಳೆಯುತ್ತದೆ. ಸಾಲುಗಳ ನಡುವಿನ ಬರಿ ನೆಲದಿಂದ ಹೋದರೆ ಸುಮ್ನೆ ಹೋದ ಹಾಗೆ. ಮೇಲ್ಮಣ್ಣು ಒಣಗಿದ ಮೇಲೂ ಕಾಟ ತಪ್ಪದು. ಕಾದ ನೆಲದ ಝಳ ಎಲೆಗಳಿಗೆ ತಾಗಿ, ಗಿಡಕ್ಕೆ ನೀರಡಿಕೆ ಜಾಸ್ತಿಯಾಗುತ್ತದೆ.

ಈಗ ನೆರಳಿನ ವಿಷಯ. ಇಲ್ಲಿ ಗೋಧಿ ಚಳಿಗಾಲದ ಬೆಳೆ, ಜೂನ್ ಅಂದರೆ ಇಲ್ಲಿ ಚಳಿಗಾಲ. 32 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಜೂನ್ ಕೊನೆಯ ನಡುಹಗಲಲ್ಲೂ ಸೂರ್ಯ ಉತ್ತರಕ್ಕೆ ವಾಲಿ, ಸುಮಾರು 35 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. 20 ಸೆಂ.ಮೀ. ಗಿಡದ ನೆರಳು 29 ಸೆಂ.ಮೀ. ಚಾಚುತ್ತದೆ. ಸಾಲು ಪೂರ್ವ-ಪಶ್ಚಿಮವಾಗಿದ್ದರೆ ಗೇಣಗಲದ ನಡುಜಾಗ ಪೂರ್ತಿ ನೆರಳು. ಉತ್ತರ-ದಕ್ಷಿಣವಾಗಿದ್ದರೆ ಅದೇ ಜಾಗಕ್ಕೆ ನಡುಹಗಲ ಬಿಸಿಲು ನೇರವಾಗಿ ನುಗ್ಗುತ್ತದೆ.

ಇಲ್ಲಿನ ಮೆರೆಡಿನ್ ಮತ್ತು ಬೆವರ್ಲಿ ಊರುಗಳಲ್ಲಿ 2002ರಿಂದ 2005ರವರೆಗೆ ಇದನ್ನು ಪರೀಕ್ಷಿಸಿದ್ದರು. ಉತ್ತರ-ದಕ್ಷಿಣ ಸಾಲಿಗೆ ಹೋಲಿಸಿದರೆ ಪೂರ್ವ-ಪಶ್ಚಿಮ ಸಾಲಿನ ಗೋಧಿಯಲ್ಲಿ ಕಳೆಯ ತೂಕ 51% ಇಳಿಯಿತು, ಇಳುವರಿ 24% ಏರಿತು. ನೆರಳಲ್ಲಿ ಕಳೆ ಸೊರಗಿತು. ಕಳೆಯೂ ನೀರು ಕುಡಿಯುವುದೇ ಅಲ್ವಾ? ಆದರೆ ಸಾಸಿವೆ ಜಾತಿಯ ಎಣ್ಣೆಕಾಳು ಬೆಳೆ ಕನೋಲಾದಲ್ಲಿ ಈ ಗುಣ ಕಾಣಲಿಲ್ಲ.

ಹಾಗಂತ ಇಲ್ಲಿನ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಹೋಗಿ ನಮ್ಮ ಮುಂಗಾರಿಗೆ ಹಾಕುವುದು ತಪ್ಪು. 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ನಮ್ಮ ಉತ್ತರ ಕರ್ನಾಟಕದ ಕಡೆ, ಆಗಸ್ಟ್ ಮೊದಲ ವಾರ ಸೂರ್ಯ ನಡುನೆತ್ತಿಯ ಮೇಲೆ. ನೆರಳು ಗಿಡದ ಬುಡದಲ್ಲೇ ಬೀಳುತ್ತದೆ. ಸಾಲು ಯಾವ ಕಡೆ ಇದ್ದರೂ ನಡುಹಗಲಲ್ಲಿ ನೆಲಕ್ಕೆ ಬಿಸಿಲು ತಪ್ಪದು. ಎಲೆ ಕೂಡಿಕೊಂಡು ನೆಲ ಮುಚ್ಚಿದ ಮೇಲೆ ದಿಕ್ಕಿಗೆ ಬೆಲೆಯೇ ಕಡಿಮೆ.

ಇಳಿಜಾರು ಹೊಲದಲ್ಲಂತೂ ನಮ್ಮ ಹಳೆಯ ಮಾತೇ ಸರಿ: ಇಳಿಜಾರಿಗೆ ಅಡ್ಡ ಬಿತ್ತಬೇಕು. ಒಂದು ಜೋರು ಮಳೆಗೆ ಹರಿದುಹೋಗುವ ನೀರನ್ನು ಯಾವ ನೆರಳೂ ವಾಪಸ್ ತರುವುದಿಲ್ಲ. ಅಲ್ಲಿ ಸೂರ್ಯನನ್ನು ನೆಚ್ಚಿ ಇಳಿಜಾರಿನ ಉದ್ದಕ್ಕೆ ಸಾಲು ಹಿಡಿದರೆ ಮಣ್ಣೂ ಹೋಗುತ್ತದೆ.

ನನ್ನ ಆಸೆ ಇರುವುದು ಹಿಂಗಾರಿನ ಮೇಲೆ. ಸಮತಟ್ಟಾದ ಎರೆ ಹೊಲ, ಮಣ್ಣಲ್ಲಿ ಉಳಿದ ಹಸಿಯನ್ನೇ ನಂಬಿದ ಜೋಳ. ಡಿಸೆಂಬರ್ ಕೊನೆಯ ನಡುಹಗಲಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. 60 ಸೆಂ.ಮೀ. ಎತ್ತರದ ಗಿಡದ ನೆರಳು 49 ಸೆಂ.ಮೀ. ಬೀಳುತ್ತದೆ. ಸಾಲು ಪೂರ್ವ-ಪಶ್ಚಿಮವಾಗಿದ್ದು, ನಡುವೆ ಒಂದು ಮೊಳ ಅಂತರವಿದ್ದರೆ ಆ ನೆರಳು ಪಕ್ಕದ ಸಾಲನ್ನೂ ಮುಟ್ಟುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಕೂರಿಗೆ ತಿರುಗಿಸಿದರೆ ಆಯ್ತು. ಬೀಸುವ ಗಾಳಿ ಸಾಲಿನ ಉದ್ದಕ್ಕೇ ನುಗ್ಗಿದರೆ ಈ ಲಾಭ ಸ್ವಲ್ಪ ಕಡಿಮೆಯಾಗಬಹುದು, ಅದನ್ನೂ ಗಮನಿಸಬೇಕು.

ಒಂದೇ ಬೀಜ, ಒಂದೇ ದಿನ, ಅರ್ಧ ಹೊಲ ಪೂರ್ವ-ಪಶ್ಚಿಮಕ್ಕೆ, ಅರ್ಧ ಉತ್ತರ-ದಕ್ಷಿಣಕ್ಕೆ ಬಿತ್ತಿ ನೋಡಿ. ಡಿಸೆಂಬರಿನಲ್ಲಿ ಎರಡೂ ಕಡೆ ಸಾಲುಗಳ ನಡುವೆ ಒಂದು ಗೇಣು ಮಣ್ಣು ಬಗೆದು, ಹಿಡಿಯಲ್ಲಿ ಉಂಡೆ ಕಟ್ಟಿ, ಯಾವುದು ಬೇಗ ಉದುರುತ್ತದೆ ಅಂತ ನೋಡಿ.